ದರಿಯಾಕ್ಕೆ ಹಾಕಿದ್ದು ಯಾರು?

ಉರ್ದು ಶಾಲೆಯಲ್ಲಿ ಕಲಿತ ಗಾದೆಯೊಂದಿದೆ: ‘ನೇಕೀ ಕರ್, ದರಿಯಾ ಮೇಂ ಡಾಲ್.’ ಒಳಿತು ಮಾಡಿ ಹೊಳೆಗೆ ಹಾಕು, ಲೆಕ್ಕ ಇಡಬೇಡ ಎಂದರ್ಥ. ದರಿಯಾ ಎಂದರೆ ಹೊಳೆಯೂ ಹೌದು, ಸಮುದ್ರವೂ ಹೌದು. ಹೊಳೆಗೆ ಹಾಕಿದ್ದು ಕೊನೆಗೆ ಎಲ್ಲಿಗೆ ಸೇರುತ್ತದೆಂದು ಆ ಪದಕ್ಕೆ ಗೊತ್ತಿದೆ. ನಾವು ಮಾತ್ರ ಒಳಿತನ್ನು ಬಿಟ್ಟು ಉಳಿದೆಲ್ಲವನ್ನೂ ಅದಕ್ಕೆ ಸುರಿದೆವು, ಲೆಕ್ಕವನ್ನೂ ಇಡಲಿಲ್ಲ.

ಯಲಹಂಕದವನಿಗೆ ಸಮುದ್ರದ ಚಿಂತೆ ಏಕೆಂದು ಗೆಳೆಯರು ನಗುತ್ತಾರೆ. ನಮ್ಮ ಕೆರೆಯ ಕೋಡಿ ನೀರು ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿಗಳನ್ನು ಹಾದು, ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಬೆಂಗಳೂರಿನ ನೊರೆ ಎಷ್ಟೋ ಬಾರಿ ಗುಡ್ಡದಂತೆ ಎದ್ದಿದೆ. ಆ ನದಿ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ನಮ್ಮ ರಾಜಕಾಲುವೆಗೂ ಒಂದು ಕಡಲತೀರವಿದೆ.

ನಮ್ಮ ಸಂಬಂಧದ ಹುಡುಗನೊಬ್ಬ ಲೋಹಕ್ಕೆ ಕ್ರೋಮ್ ಹೊಳಪು ಕೊಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಅವನ ಬೆರಳುಗಳ ಮೇಲೆ ವಾಸಿಯಾಗದ ಹುಣ್ಣುಗಳಿದ್ದವು. ತೊಟ್ಟಿಯ ನೀರನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿದೆ. “ಜೋರು ಮಳೆ ಬರೋ ರಾತ್ರಿ ಕಾಯ್ತೀವಿ, ಮಾಮೂ” ಎಂದ. ಮಳೆ ಬಂದರೆ ಯಾರ ನೀರು ಯಾವುದೆಂದು ಯಾರೂ ಹೇಳಲಾರರು. ಕ್ರೋಮಿಯಂ ಕೊಳೆತು ಹೋಗುವ ವಸ್ತುವಲ್ಲ. ಮನೆಗಳ ಕೊಳಚೆಗೆಂದು ಕಟ್ಟಿದ ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಅವು ಲೋಹವನ್ನು ತಿಂದು ಮುಗಿಸಲಾರವು. ಅದನ್ನು ಶೆಡ್ಡಿನ ಬಾಗಿಲಲ್ಲೇ ಬೇರ್ಪಡಿಸಬೇಕು.

ಸಮುದ್ರದಲ್ಲಿ ಹಡಗು ಮುಳುಗಿದರೆ ಹೊಣೆಗಾರನನ್ನು ಹುಡುಕಬಹುದು. 2025ರ ಮೇ 25ರಂದು ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು. ಅದರ ಅಪಾಯಕಾರಿ ಸರಕಿನಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಪ್ಲಾಸ್ಟಿಕ್ ಕಾಳುಗಳು ಕೇರಳದ ದಡ ತುಂಬಿದವು. ಅದು ಅಪಘಾತ. ಆದರೂ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು. ಹೈಕೋರ್ಟು ಅದೇ ಸಮೂಹದ ಇನ್ನೊಂದು ಹಡಗನ್ನು ತಡೆದು ನಿಲ್ಲಿಸಲು ಆದೇಶಿಸಿತು. ಹಡಗಿಗೆ ಹೆಸರಿದೆ, ಬಾವುಟವಿದೆ. ರಾಜಕಾಲುವೆಯಲ್ಲಿ ಹೋಗುವ ವಿಷಕ್ಕೆ ಯಾರ ಬಾವುಟ?

ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ಮೇಲೆ, 2018ರ ಡಿಸೆಂಬರಿನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಆಗಿನ ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ಕರ್ತವ್ಯ ಮರೆತ ಆಡಳಿತಕ್ಕೆ ದಂಡ ಸರಿಯೇ. ಆದರೆ ಆ ಹಣ ಬರುವುದು ನಮ್ಮ ತೆರಿಗೆಯಿಂದ. ಸುರಿದವನು ಒಬ್ಬ, ತೆತ್ತವನು ಇನ್ನೊಬ್ಬ.

ಸುರಿದವನೇ ತೆರಬೇಕೆಂಬುದು ಹೊಸ ಮಾತಲ್ಲ. ರಾಜಸ್ಥಾನದ ಬಿಚ್ಡಿ ಗ್ರಾಮದ ಬಾವಿಗಳನ್ನು ರಾಸಾಯನಿಕ ಕಾರ್ಖಾನೆಗಳು ಕೆಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಅದನ್ನು ಹೇಳಿತು. ಶುದ್ಧೀಕರಣಕ್ಕೆ 37 ಕೋಟಿಗೂ ಮಿಕ್ಕಿದ ವೆಚ್ಚವನ್ನು ಅಂದಾಜಿಸಲಾಗಿತ್ತು. ಹದಿನೈದು ವರ್ಷ ಕಳೆದು 2011ರಲ್ಲಿ ಅದೇ ನ್ಯಾಯಾಲಯ ಬಾಕಿಗೆ ಚಕ್ರಬಡ್ಡಿ ಸೇರಿಸಬೇಕಾಯಿತು. ತೀರ್ಪು ಬಂದರೂ ಬಾವಿಯ ನೀರು ಕಾಯುತ್ತಲೇ ಇತ್ತು.

ಆದ್ದರಿಂದ ಲೆಕ್ಕ ಮೊದಲೇ ಶುರುವಾಗಬೇಕು. ಯಾವ ಶೆಡ್ಡು ಎಷ್ಟು ಆಮ್ಲ ಕೊಂಡಿತು, ಎಷ್ಟು ತ್ಯಾಜ್ಯವನ್ನು ಎಲ್ಲಿಗೆ ಕೊಟ್ಟಿತು ಎಂಬುದು ಆ ಬೀದಿಯವರಿಗೆ ಓದಲು ಸಿಗಬೇಕು. ಸಣ್ಣ ಶೆಡ್ಡುಗಳಿಗೆ ಸಾಮೂಹಿಕ ಶುದ್ಧೀಕರಣ ಘಟಕವೂ ಬೇಕು. ಬರೀ ಬೀಗ ಜಡಿದರೆ ಬೀದಿಗೆ ಬೀಳುವವನು ಹುಣ್ಣಿನ ಕೈಯ ಆ ಹುಡುಗ, ಮಾಲೀಕನಲ್ಲ. ಕೊಳಕಾದ ಮೇಲೆ ಕಡಲನ್ನು ತೊಳೆಯಲು ಹೊರಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕಾಯಬೇಕಾದದ್ದು ಕಡಲೂರಿನ ದಡವನ್ನಷ್ಟೇ ಅಲ್ಲ. ಇಲ್ಲಿ, ಜೋರು ಮಳೆಯ ರಾತ್ರಿಯನ್ನು.