ಮುಕ್ಕಾಲು ಶುಲ್ಕದ ಪತ್ರ

2018ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಹತ್ತು ಹೈಸ್ಕೂಲುಗಳು ಹನ್ನೊಂದನೆಯ ಒಂದು ಶಾಲೆಯ ಜೊತೆ ಮುಂದಿನ ವರ್ಷ ರಗ್ಬಿ ಆಡುವುದಿಲ್ಲ ಎಂದು ಹೇಳಿದವು. ಆ ಹನ್ನೊಂದನೆಯ ಶಾಲೆ ಸೇಂಟ್ ಕೆಂಟಿಗರ್ನ್ ಕಾಲೇಜ್. (ಇಲ್ಲಿ ಕಾಲೇಜ್ ಅಂದರೆ ನಮ್ಮ ಹೈಸ್ಕೂಲು ಮತ್ತು ಪಿಯುಸಿ ಸೇರಿದ ಹಾಗೆ. ಬಂದ ಹೊಸದರಲ್ಲಿ ನಾನೂ ಗೊಂದಲ ಮಾಡಿಕೊಂಡಿದ್ದೆ.) ಬೇರೆ ಶಾಲೆಗಳ ಮೊದಲ ತಂಡದಲ್ಲಿ ಆಗಲೇ ಆಡುತ್ತಿರುವ ಹುಡುಗರನ್ನು ಈ ಖಾಸಗಿ ಶಾಲೆ ಕರೆದು ತರುತ್ತಿದೆ ಎಂಬುದು ಉಳಿದವರ ದೂರು. 2019ರ ಋತು ಶುರುವಾಗುವ ಮೊದಲೇ ಸಂಧಾನವಾಯಿತು. ಹೊಸಬರನ್ನು ಆಡಿಸುವುದಕ್ಕೆ ಶಾಲೆ ಕೆಲವು ಮಿತಿಗಳನ್ನು ಒಪ್ಪಿಕೊಂಡಿತು, ಬಹಿಷ್ಕಾರ ತೆರವಾಯಿತು, ಪಂದ್ಯಗಳು ನಡೆದವು.

ನಾನು ಈ ಊರಿಗೆ ಬಂದದ್ದು ಅದೆಲ್ಲ ಮುಗಿದು ಎಷ್ಟೋ ವರ್ಷದ ಮೇಲೆ, ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು. ವಲಸೆ ಬಂದ ಕುಟುಂಬಗಳ ಮಕ್ಕಳು ಮನಸ್ಸಿನೊಳಗೆ ಯಾವ ಭಾಷೆಯಲ್ಲಿ ಲೆಕ್ಕ ಮಾಡುತ್ತಾರೆ ಅನ್ನುವುದು ನನ್ನ ವಿಷಯ. ರಗ್ಬಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೆ ಇಲ್ಲಿ ಶಾಲೆಗಳ ಬಗ್ಗೆ ಯಾರ ಹತ್ತಿರ ಮಾತಿಗೆ ಕೂತರೂ ಹತ್ತು ನಿಮಿಷದಲ್ಲಿ ರಗ್ಬಿ ಬಂದೇ ಬರುತ್ತದೆ, ನಮ್ಮಲ್ಲಿ ಯಾರ ಜೊತೆ ಮಾತಾಡಿದರೂ ಮಳೆ ಬರುವ ಹಾಗೆ. ಹಾಗೆ ಆ ಬಹಿಷ್ಕಾರದ ಕತೆ ಕಿವಿಗೆ ಬಿತ್ತು. ಹೇಳಿದವರು ನಗುತ್ತ ಹೇಳಿದರು. ಹದಿನಾರು ವರ್ಷದ ಹುಡುಗರ ಆಟಕ್ಕೆ ಮುಖ್ಯೋಪಾಧ್ಯಾಯರುಗಳು ಜಗಳ ಆಡಿದ್ದು ಅವರಿಗೆ ತಮಾಷೆಯಾಗಿತ್ತು. ನನಗೆ ನಗು ಬರಲಿಲ್ಲ, ಯಾಕೆಂದರೆ ನಾನು ಹೈಸ್ಕೂಲಿನಲ್ಲಿ ಆಡಿದ್ದು ಅಂಥದೇ ಒಂದು ಖಾಲಿಯಾದ ತಂಡದಲ್ಲಿ.

ಸಾಗರ ತಾಲೂಕಿನ ನಮ್ಮ ಸರಕಾರಿ ಪ್ರೌಢಶಾಲೆಯಲ್ಲಿ ಇದ್ದ ಒಂದೇ ಆಟ ವಾಲಿಬಾಲ್. ಒಂಬತ್ತನೇ ತರಗತಿಯಲ್ಲಿ ನಾವು ತಾಲೂಕು ಗೆದ್ದು ಜಿಲ್ಲಾ ಮಟ್ಟಕ್ಕೆ ಶಿವಮೊಗ್ಗಕ್ಕೆ ಹೋದೆವು. ಅದಕ್ಕೆ ಕಾರಣ ನಾವಲ್ಲ, ನಮ್ಮ ಜೊತೆಗಿದ್ದ ಒಬ್ಬ. ಹದಿನಾಲ್ಕು ವರ್ಷಕ್ಕೇ ಆರಡಿಯ ಹತ್ತಿರ ಇದ್ದ. ಅವನು ಹೊಡೆದ ಚೆಂಡು ನೆಲಕ್ಕೆ ಬಿದ್ದ ಮೇಲೆ ನಮಗೆ ಕಾಣುತ್ತಿತ್ತು. ಅಲ್ಲಿ ಸೆಮಿಫೈನಲಿನಲ್ಲಿ ಸೋತೆವು. ಅದೇ ಸಂಜೆ ಕರಾವಳಿಯ ಒಂದು ದೊಡ್ಡ ವಸತಿ ಶಾಲೆಯವರು ಅವನನ್ನು ಕರೆದು ಮಾತಾಡಿಸಿದರು. ಊಟ, ಹಾಸ್ಟೆಲು, ಫೀಸು, ಬೂಟು ಎಲ್ಲ ಅವರದೇ. ಜೂನಿನಲ್ಲಿ ಅವನ ಬೆಂಚಿನಲ್ಲಿ ಅವನಿರಲಿಲ್ಲ. ಆ ವರ್ಷ ನಾವು ಹೋಬಳಿ ಮಟ್ಟವನ್ನೂ ದಾಟಲಿಲ್ಲ. ನಮ್ಮ ಪಿ.ಟಿ. ಮೇಷ್ಟ್ರು ಅವನಿಗೆ ಐದನೇ ತರಗತಿಯಿಂದ ಚೆಂಡು ಎತ್ತಿಕೊಟ್ಟವರು, ಮಳೆಗಾಲದಲ್ಲಿ ಸಭಾಭವನದೊಳಗೆ ಬಲೆ ಕಟ್ಟಿ ಕಲಿಸಿದವರು. ಅವರು ಯಾರನ್ನೂ ಬೈಯಲಿಲ್ಲ. ಆಮೇಲೆ ಥ್ರೋಬಾಲ್ ಕಲಿಸುವುದಕ್ಕೆ ಹುಡುಗಿಯರ ಕಡೆ ಹೋದರು, ಅಷ್ಟೇ.

ಅವನಿಗೆ ಒಳ್ಳೆಯದೇ ಆಯಿತು. ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿತು, ಮನೆ ಕಟ್ಟಿಸಿದ, ತಂಗಿಯ ಮದುವೆ ಮಾಡಿದ. ನಾನಿನ್ನೂ ಫೆಲೋಶಿಪ್ಪಿನ ದುಡ್ಡು ಎಣಿಸುತ್ತ ಕೂತಿದ್ದೇನೆ. ಅವನು ಹೋಗಬಾರದಿತ್ತು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಆದರೆ ಹತ್ತು ಶಾಲೆಗಳ ಆ ನಿರ್ಧಾರದ ಬಗ್ಗೆ ಕೇಳಿದಾಗ ಮೊದಲು ನೆನಪಾದದ್ದು ಅವನಲ್ಲ, ಮೇಷ್ಟ್ರು.

ಆಕ್ಲೆಂಡಿನ ವ್ಯವಸ್ಥೆ ಹೀಗಿದೆ. ನಗರದ ಪ್ರತಿಷ್ಠಿತ ಬಾಲಕರ ರಗ್ಬಿ ಪಂದ್ಯಾವಳಿಗೆ ವನ್ ಎ ಅನ್ನುತ್ತಾರೆ, ಶಾಲೆಯ ಮುಖ್ಯ ತಂಡಕ್ಕೆ ಫಸ್ಟ್ ಫಿಫ್ಟೀನ್. ಸರಕಾರಿ ಶಾಲೆಗಳೂ ಖಾಸಗಿ ಶಾಲೆಗಳೂ ಅಲ್ಲಿ ಒಟ್ಟಿಗೆ ಆಡುತ್ತವೆ. ಬೇಡಿಕೆಯಿರುವ ಸರಕಾರಿ ಶಾಲೆಗೆ ಒಂದು ವಲಯ ಇರುತ್ತದೆ. ವಲಯದ ಹೊರಗಿನ ಹುಡುಗ ಬೇಕೆಂದರೆ ಹೆಚ್ಚಾಗಿ ಚೀಟಿ ಎತ್ತಬೇಕು. ಖಾಸಗಿ ಶಾಲೆಗೆ ಆ ಕಟ್ಟುಪಾಡಿಲ್ಲ, ಯಾರನ್ನು ಬೇಕಾದರೂ ಸೇರಿಸಿಕೊಳ್ಳಬಹುದು. ಅಲ್ಲಿಯ ವರ್ಷದ ಶುಲ್ಕ 20,000 ಡಾಲರ್ ದಾಟುತ್ತದೆ. ಆ ದುಡ್ಡು ಕೊಡಲಾಗದ ಮನೆಗಳಲ್ಲೇ ಒಳ್ಳೆಯ ರಗ್ಬಿ ಹುಡುಗರು ಬಹಳ ಇದ್ದಾರೆ: ಮಾಂಗೆರೆ, ಓಟಾರಾ, ಓಟಾಹುಹು ಮುಂತಾದ ದಕ್ಷಿಣದ ಬಡಾವಣೆಗಳಲ್ಲಿ, ಸಮೋವಾ ಮತ್ತು ಟೋಂಗಾದಿಂದ ಬಂದವರ ಮನೆಗಳಲ್ಲಿ. ಜೋನಾ ಲೋಮು ಬೆಳೆದ ಮಾಂಗೆರೆಯೇ ಅದು. ವಿದ್ಯಾರ್ಥಿವೇತನ ಎಂಬ ಸೇತುವೆ ಇರುವುದು ಈ ಎರಡರ ನಡುವೆ.

ಶಾಲೆಗೆ ಇದರಿಂದ ಏನು ಸಿಗುತ್ತದೆ ಎಂದು ಮೊದಮೊದಲು ನನಗೆ ತಿಳಿಯುತ್ತಿರಲಿಲ್ಲ. ರಗ್ಬಿ ಗೆದ್ದರೆ ಟಿಕೆಟ್ ಮಾರುವುದಿಲ್ಲ, ಬಹುಮಾನದ ಹಣವೂ ಇಲ್ಲ. ಆದರೆ ಪಂದ್ಯಗಳನ್ನು ಟಿವಿಯಲ್ಲಿ ನೇರಪ್ರಸಾರ ಮಾಡುವ ಕಾಲವೊಂದು ಬಂದಿತ್ತು. ಪ್ರಸಾರದಲ್ಲಿ ಶಾಲೆಯ ಬ್ಲೇಜರು ಕಾಣುತ್ತದೆ, ಹಳೆಯ ವಿದ್ಯಾರ್ಥಿಗಳು ಹೆಮ್ಮೆಯಿಂದ ಕಟ್ಟಡ ನಿಧಿಗೆ ಚೆಕ್ ಬರೆಯುತ್ತಾರೆ, ಪೂರ್ತಿ ಶುಲ್ಕ ಕೊಡಬಲ್ಲ ಅಪ್ಪ-ಅಮ್ಮಂದಿರು ಅರ್ಜಿ ಕೇಳುತ್ತಾರೆ. ಅವರ ಮಗ ರಗ್ಬಿ ಆಡುವವನೇ ಆಗಬೇಕೆಂದಿಲ್ಲ. ಆಡುವ ಹುಡುಗನ ಶುಲ್ಕವನ್ನು ಬಿಟ್ಟುಕೊಡುವುದು ಆ ಲೆಕ್ಕದಲ್ಲಿ ಜಾಹೀರಾತಿನ ಖರ್ಚು, ಅದೂ ಅಗ್ಗದ್ದು. 2022ರಲ್ಲಿ ವನ್ ಎ ಶಾಲೆಗಳ ಮುಖ್ಯಸ್ಥರೇ ಒಟ್ಟಾಗಿ ಟಿವಿ ಕ್ಯಾಮೆರಾ ಬೇಡ ಎಂದರು. ಹುಡುಗರ ಮೇಲೆ ಒತ್ತಡ ಹೆಚ್ಚುತ್ತದೆ ಅನ್ನುವುದು ಅವರ ವಾದ. ಸರಿಯಾದ ವಾದವೇ, ಆದರೆ ಕ್ಯಾಮೆರಾ ಹೋದ ಮಾತ್ರಕ್ಕೆ ಹುಡುಕಾಟ ನಿಲ್ಲುವುದಿಲ್ಲ, ಈಗ ಪ್ರತಿಯೊಬ್ಬ ಅಪ್ಪನ ಜೇಬಿನಲ್ಲೂ ಒಂದು ಕ್ಯಾಮೆರಾ ಇದೆ.

ಇದನ್ನೆಲ್ಲ ಕೆಡುಕು ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಮುಂದೆ ಸಿಯಾ ಕೊಲಿಸಿಯ ಹೆಸರು ಇಡಬೇಕಾಗುತ್ತದೆ. ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್ ಪಕ್ಕದ ಜ್ವಿಡೆ ಎಂಬ ಕಪ್ಪು ಜನರ ಬಡಾವಣೆಯಲ್ಲಿ 1991ರಲ್ಲಿ ಹುಟ್ಟಿದವನು, ಅಜ್ಜಿ ಸಾಕಿದ ಹುಡುಗ. ಆಯ್ಕೆಯ ಪಂದ್ಯಕ್ಕೆ ಆಟದ ಚಡ್ಡಿ ಇಲ್ಲದೆ ಒಳಚಡ್ಡಿಯಲ್ಲೇ ಆಡಿದ್ದ. ಹನ್ನೆರಡರ ವಯಸ್ಸಿನಲ್ಲಿ ಒಂದು ಪಂದ್ಯಾವಳಿಯಲ್ಲಿ ಕಣ್ಣಿಗೆ ಬಿದ್ದು ಗ್ರೇ ಶಾಲೆಗೆ ವಿದ್ಯಾರ್ಥಿವೇತನದ ಮೇಲೆ ಸೇರಿದ. ಆಗ ಅವನಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. (ಗ್ರೇ ಕಾನೂನಿನ ಪ್ರಕಾರ ಸರಕಾರಿ ಶಾಲೆ. ಶುಲ್ಕ ನೋಡಿದರೆ ಹಾಗನ್ನಿಸುವುದಿಲ್ಲ. ಆ ದೇಶದಲ್ಲಿ ಅಂಥ ಶಾಲೆಗಳು ಬಹಳ.) 2018ರಲ್ಲಿ ಅವನು ದೇಶದ ಟೆಸ್ಟ್ ತಂಡದ ಮೊದಲ ಕಪ್ಪು ನಾಯಕನಾದ, 2019ರಲ್ಲೂ 2023ರಲ್ಲೂ ವಿಶ್ವಕಪ್ ಎತ್ತಿದ. ಆ ವಿದ್ಯಾರ್ಥಿವೇತನ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ.

ಆದರೆ ಅದೇ 2019ರ ಫೈನಲ್ಲಿನಲ್ಲಿ, ಇಂಗ್ಲೆಂಡನ್ನು 32-12ರಿಂದ ಸೋಲಿಸಿದ ಆ ಪಂದ್ಯದಲ್ಲಿ, ದಕ್ಷಿಣ ಆಫ್ರಿಕಾದ ಮೊದಲ ಟ್ರೈ ಹೊಡೆದವನು ಮಕಜೋಲೆ ಮಪಿಂಪಿ. ವಿಶ್ವಕಪ್ ಫೈನಲ್ಲುಗಳಲ್ಲೇ ಅವರ ಮೊದಲ ಟ್ರೈ ಅದು. ಈಸ್ಟರ್ನ್ ಕೇಪಿನ ಹಳ್ಳಿಗಾಡಿನವನಾದ ಅವನನ್ನು ಯಾವ ಹೆಸರಾಂತ ರಗ್ಬಿ ಶಾಲೆಯೂ ಕರೆದುಕೊಂಡು ಹೋಗಲಿಲ್ಲ, ಹಳ್ಳಿಯ ಶಾಲೆಯಲ್ಲೇ ಓದಿದ. ರಾಷ್ಟ್ರೀಯ ತಂಡಕ್ಕೆ ಬರುವಾಗ ವಯಸ್ಸು ಇಪ್ಪತ್ತೇಳು. ಕೊಲಿಸಿ ಇಪ್ಪತ್ತೊಂದಕ್ಕೇ ಬಂದಿದ್ದ. ಈ ಆರು ವರ್ಷದ ಅಂತರ ನನ್ನ ತಲೆಯಿಂದ ಹೋಗುವುದಿಲ್ಲ. ಹುಡುಕುವವರ ಕಣ್ಣು ಹಳ್ಳಿಯತ್ತ ಹೋಗದಿದ್ದರೂ ಅಲ್ಲಿ ಆಟಗಾರ ಇದ್ದ. ತಡವಾಗಿಯಾದರೂ ಬಂದವನ ಹೆಸರು ನಮಗೆ ಗೊತ್ತು. ಬಾರದೇ ಉಳಿದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಇದು ಓದುವ ವಿಷಯವಾಗಿ ಉಳಿಯಲಿಲ್ಲ. ಮಾಂಗೆರೆಯ ಒಂದು ಚರ್ಚಿನ ಸಭಾಂಗಣದಲ್ಲಿ ನಾನು ವಾರಕ್ಕೆರಡು ಸಂಜೆ ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತೇನೆ. ಅಲ್ಲಿಗೆ ಬರುವ ಹದಿನಾಲ್ಕರ ಹುಡುಗನೊಬ್ಬನ ತಾಯಿ ಒಂದು ಲಕೋಟೆ ಹಿಡಿದು ಬಂದರು. ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಕೆಲಸ ಮಾಡುವವರು, ಪಾಳಿ ಮುಗಿಸಿ ನೇರ ಬಂದಿದ್ದರು. ಊರಿನ ಇನ್ನೊಂದು ತುದಿಯ ಒಂದು ಖಾಸಗಿ ಶಾಲೆ ಅವರ ಮಗನಿಗೆ ಫೆಬ್ರವರಿಯಿಂದ ಸೀಟು ಕೊಡುತ್ತಿತ್ತು. "ಮಗನಿಗೆ ಎಲ್ಲ ಫ್ರೀ ಅಂತೆ, ಟೀಚರ್. ಒಮ್ಮೆ ಓದಿ ಹೇಳಿ" ಎಂದರು.

ಪತ್ರದಲ್ಲಿ ರಗ್ಬಿ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಸರ್ವಾಂಗೀಣ ಪ್ರತಿಭೆ ಅಂತಿತ್ತು, ನಾಯಕತ್ವ ಅಂತಿತ್ತು. ಬೋಧನಾ ಶುಲ್ಕದಲ್ಲಿ ಮುಕ್ಕಾಲು ಭಾಗ ಮಾಫಿ. ಅಂದರೆ ಉಳಿದ ಕಾಲು ಭಾಗ, ಐದು ಸಾವಿರ ಡಾಲರಿಗೂ ಮೇಲೆ, ಪ್ರತಿವರ್ಷ ಅವರೇ ಕಟ್ಟಬೇಕು. ಬ್ಲೇಜರು, ಎರಡು ಋತುವಿನ ಸಮವಸ್ತ್ರ, ಲ್ಯಾಪ್‌ಟಾಪು, ಪ್ರವಾಸ ಬೇರೆ. ಮಾಫಿಯನ್ನು "ಪ್ರತಿವರ್ಷ ಪರಿಶೀಲಿಸಲಾಗುವುದು" ಎಂಬ ಒಂದು ಸಾಲು ಕೊನೆಯಲ್ಲಿತ್ತು. ಆ ಸಾಲಿನ ಮೇಲೆ ನನ್ನ ಬೆರಳು ನಿಂತಿತು.

ಹುಡುಗ ಪಕ್ಕದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದ. ನನಗಿಂತ ಒಂದು ಗೇಣು ಎತ್ತರ, ಭುಜ ಬಾಗಿಲಿನಷ್ಟು ಅಗಲ, ಆದರೆ ಭಿನ್ನರಾಶಿ ಕೂಡಿಸುವಾಗ ನಾಲಿಗೆ ಕಚ್ಚಿಕೊಳ್ಳುವ ಮಗು. ಮಂಡಿ ಮುರಿದರೆ ಪರಿಶೀಲನೆಯಲ್ಲಿ ಏನು ಬರುತ್ತದೆ? ಎರಡನೇ ತಂಡಕ್ಕೆ ಇಳಿದರೆ? ಆಟವೇ ಬೇಡ ಅನ್ನಿಸಿದರೆ? ಹೀಗೆ ಕೇಳಿ ಎಂದು ನಾನು ಹೇಳಿದಾಗ ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊಡುವ ಕೈಯನ್ನು ಪ್ರಶ್ನೆ ಕೇಳುವುದು ಅವರಿಗೆ ಸರಿ ಕಾಣಲಿಲ್ಲ. ನಮ್ಮ ಕಡೆಯ ಯಾವ ತಾಯಿಗೂ ಕಾಣುವುದಿಲ್ಲ. ಕರಾವಳಿಯ ಶಾಲೆಯವರು ಬಂದಾಗ ನನ್ನ ಗೆಳೆಯನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆಯಂತೆ: ರಾತ್ರಿ ಊಟಕ್ಕೆ ಅನ್ನ ಕೊಡುತ್ತೀರಾ, ಚಪಾತಿನಾ?

"ಚಿಕ್ಕವನು ಗಣಿತದಲ್ಲಿ ಇವನಿಗಿಂತ ಚುರುಕು, ಅಲ್ವಾ?" ಎಂದರು ತಾಯಿ, ಸಂಬಂಧವಿಲ್ಲದ ಹಾಗೆ. ಹೌದು, ಬಹಳ ಚುರುಕು. ಆ ಹನ್ನೊಂದರ ಹುಡುಗ ಮೂಲೆಯಲ್ಲಿ ಕೂತು ಅಣ್ಣನ ಪುಸ್ತಕದ ಲೆಕ್ಕ ಮಾಡುತ್ತಿದ್ದ. ಅವನನ್ನು ನೋಡಲು ಯಾರೂ ಗೆರೆಯ ಪಕ್ಕ ಬಂದು ನಿಂತಿರಲಿಲ್ಲ. ಖಾಸಗಿ ಶಾಲೆಗಳಲ್ಲಿ ಓದಿಗೂ ವಿದ್ಯಾರ್ಥಿವೇತನ ಇದೆ, ಆದರೆ ಅದಕ್ಕೆ ಅರ್ಜಿ ಹಾಕಬೇಕು, ಪರೀಕ್ಷೆ ಬರೆಯಬೇಕು, ಅದು ಇದೆ ಅಂತ ಮೊದಲು ಯಾರೋ ಹೇಳಬೇಕು. ಅಣ್ಣನಿಗೆ ಪತ್ರ ಮನೆಗೇ ಬಂದಿತ್ತು.

ನಾವು ಮೂವರೂ ಸೇರಿ ಇಮೇಲ್ ಬರೆದೆವು. ಬಹಳ ವಿನಯದ ಇಮೇಲ್. ಮೊದಲ ಎರಡು ಪ್ಯಾರಾ ಬರೀ ಧನ್ಯವಾದ. ಮೂರನೆಯದರಲ್ಲಿ ಗಾಯದ ಪ್ರಶ್ನೆ. ನಾಲ್ಕು ದಿನಕ್ಕೆ ಉತ್ತರ ಬಂತು: ಪರಿಶೀಲನೆ ಓದು ಮತ್ತು ನಡವಳಿಕೆಗೆ ಸಂಬಂಧಿಸಿದ್ದು, ಗಾಯವಾದರೆ ಮಾಫಿ ತಪ್ಪುವುದಿಲ್ಲ. ಆಟ ಬಿಟ್ಟರೆ ಎಂಬುದಕ್ಕೆ ಉತ್ತರ ಇರಲಿಲ್ಲ. ಮುಖತಃ ಮಾತಾಡೋಣ ಎಂದಿದ್ದರು. ತಾಯಿ ಅದನ್ನು ಗ್ರಂಥಾಲಯದಲ್ಲಿ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟರು. ಕಾಲು ಭಾಗದ ದುಡ್ಡಿಗೆ ಸಿಡ್ನಿಯಲ್ಲಿರುವ ಚಿಕ್ಕಮ್ಮ ಒಪ್ಪಿಕೊಂಡರು, ಚರ್ಚಿನವರು ಬ್ಲೇಜರು ಕೊಡಿಸಿದರು.

ಹೋಗುವ ಮೊದಲು ಹುಡುಗ ಹಳೆಯ ಶಾಲೆಯ ತರಬೇತುದಾರರಿಗೆ ಹೇಗೆ ಹೇಳುವುದು ಎಂದು ನನ್ನನ್ನು ಕೇಳಿದ. ಅವರು ಅಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು, ಶನಿವಾರಗಳಲ್ಲಿ ತಮ್ಮದೇ ವ್ಯಾನಿನಲ್ಲಿ ಹುಡುಗರನ್ನು ಮನೆಮನೆಯಿಂದ ಹತ್ತಿಸಿಕೊಂಡು ಪಂದ್ಯಕ್ಕೆ ಕರೆದೊಯ್ಯುವವರು. ಬೇರೆಯವರಿಂದ ಗೊತ್ತಾಗುವ ಮೊದಲು ನೀನೇ ಹೋಗಿ ಹೇಳು ಎಂದೆ. ಹೋಗಿ ಹೇಳಿದನಂತೆ. ಅವರು ಕೈ ಕುಲುಕಿ, ತಂಡದ ಅಂಗಿ ಒಗೆದು ವಾಪಸು ಕೊಡು, ಎಂಟನೇ ನಂಬರಿನದು ಒಂದೇ ಇರುವುದು ಎಂದರಂತೆ.