ಆ ಸಹಿ ಬೀಳೋವರೆಗೂ ವಿಮಾನ ಹೊರಡಲ್ಲ

ಕಳೆದ ಸೆಮ್‌ನಲ್ಲಿ ಒಂದು ಕಾಂಪಿಟಿಷನ್ ಮುಗಿಸಿ ದೆಹಲಿಯಿಂದ ವಾಪಸ್ ಬರುವಾಗ ನಾವು ಮೂವರು ರೂಮ್‌ಮೇಟ್‌ಗಳು ಮೊದಲ ಸಲ ವಿಮಾನ ಹತ್ತಿದ್ವಿ. ಎರಡನೇ ಸಾಲಿನಲ್ಲಿ ಸೀಟು. ಎಲ್ಲರೂ ಬೆಲ್ಟ್ ಹಾಕಿಕೊಂಡಿದ್ದಾಯ್ತು, ವಿಮಾನ ಮಾತ್ರ ಅಲುಗಾಡಲಿಲ್ಲ. "ತಾಂತ್ರಿಕ ಕಾರಣ" ಅಂತ ಅನೌನ್ಸ್‌ಮೆಂಟ್ ಬಂತು. ಮುಕ್ಕಾಲು ಗಂಟೆ ಎಲ್ಲರೂ ಗೊಣಗಿದರು, ನಾವೂ ಗೊಣಗಿದೆವು. ಆಮೇಲೆ ಹೊಳೆಯುವ ಜಾಕೆಟ್ ಹಾಕಿದ್ದ ಒಬ್ಬರು ಒಳಗೆ ಬಂದು, ಕಾಕ್‌ಪಿಟ್ ಬಾಗಿಲಲ್ಲಿ ನಿಂತು, ಒಂದು ಪುಸ್ತಕದಲ್ಲಿ ಏನೋ ಬರೆದು ಸಹಿ ಹಾಕಿ ಇಳಿದು ಹೋದರು. ಅವರ ಬೆನ್ನಿಗೇ ಬಾಗಿಲು ಮುಚ್ಚಿತು. ನಾಲ್ಕು ಪಟ್ಟಿಯ ಕ್ಯಾಪ್ಟನ್ ಕೂಡ ಅಷ್ಟು ಹೊತ್ತು ಆ ಸಹಿಗೇ ಕಾಯ್ತಾ ಕೂತಿದ್ರು!

ನಮ್ಮಲ್ಲೊಬ್ಬನಿಗೆ ಚಿಕ್ಕಂದಿನಿಂದ ಪೈಲಟ್ ಹುಚ್ಚು. ಲೈಸೆನ್ಸ್‌ಗೆ 200 ಗಂಟೆ ಹಾರಬೇಕು, ಒಂದೊಂದು ಗಂಟೆಗೂ ದುಡ್ಡು ಸುರಿಯಬೇಕು. "ತೋಟ ಮಾರಿದ್ರೂ ಸಾಲಲ್ಲ ಕಣೋ" ಅಂದಿದ್ರಂತೆ ಅವರಪ್ಪ. ಅವನು ಮೆಕ್ಯಾನಿಕಲ್ ಸೇರಿದ್ದು ಸೋತವನ ಹಾಗೆ. ಆ ರಾತ್ರಿ ಹಾಸ್ಟೆಲ್‌ಗೆ ಬಂದವನೇ ಅವರು ಯಾರು, ಏನು ಅಂತ ಹುಡುಕೋಕೆ ಕೂತ. ನಾವೂ ಕೂತ್ವಿ.

ಅವರು ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಇಂಜಿನಿಯರ್. ರಿಪೇರಿ ಆದಮೇಲೆ ವಿಮಾನ ಹಾರಬಹುದು ಅಂತ ಲೈಸೆನ್ಸ್ ಇರುವವರು ಬರೆದುಕೊಡಬೇಕು. ಎಂಜಿನ್, ರೆಕ್ಕೆ ಕಡೆಯವರದ್ದು ಬಿ1, ಎಲೆಕ್ಟ್ರಾನಿಕ್ಸ್ ಕಡೆಯವರದ್ದು ಬಿ2. ಖುಷಿಯಾಗಿ ಮುಂದೆ ಓದಿದ್ರೆ ಏಟು ಬಿತ್ತು: ನಮ್ಮ ಬಿ.ಇ. ಒಂದರಿಂದಲೇ ಆ ಲೈಸೆನ್ಸ್ ಸಿಗಲ್ಲ. ಡಿಜಿಸಿಎ ಪರೀಕ್ಷೆಗಳನ್ನು ಪಾಸ್ ಮಾಡಿ, ನಿಜವಾದ ವಿಮಾನದ ಮೇಲೆ ಕೆಲಸ ಮಾಡಿದ ಅನುಭವ ತೋರಿಸಬೇಕು. ಪಿಯುಸಿ ಮುಗಿಸಿ ನೇರ ಆ ಕೋರ್ಸ್ ಸೇರಿದ ಹುಡುಗರು ನಮಗಿಂತ ಮುಂದಿದ್ದಾರೆ. ಇದನ್ನ ಯಾಕೆ ಯಾವ ಕೌನ್ಸೆಲಿಂಗ್‌ನಲ್ಲೂ ಯಾರೂ ಹೇಳಲಿಲ್ಲ?

ಡಿಸ್ಪ್ಯಾಚರ್ ಅನ್ನೋ ಕೆಲಸವೂ ನಮಗೆ ಹೊಸದು. ದಾರಿ, ಹವಾಮಾನ, ಇಳಿಯಲಾಗದಿದ್ದರೆ ಬೇರೆ ಯಾವ ಏರ್‌ಪೋರ್ಟ್, ಅಲ್ಲಿಗೆ ಹೋಗಿಯೂ ಇನ್ನೂ 30 ನಿಮಿಷ ಉಳಿಯುವಷ್ಟು ಇಂಧನ, ಇದೆಲ್ಲ ನೆಲದ ಮೇಲೆ ಕೂತು ಲೆಕ್ಕ ಹಾಕೋರು ಅವರು. ಲೋಡ್ ಕಂಟ್ರೋಲ್‌ನವರು ಲಗೇಜು, ಜನ ಎಲ್ಲ ಸೇರಿಸಿ ಸೆಂಟರ್ ಆಫ್ ಗ್ರಾವಿಟಿ ಎಲ್ಲಿ ಬೀಳತ್ತೆ ನೋಡ್ತಾರೆ. ಹೌದು, ಮೊದಲ ವರ್ಷ ನಾವು "ಇದು ಯಾವ ಕೆಲಸಕ್ಕೆ ಬರತ್ತೆ" ಅಂತ ಬೈದುಕೊಂಡ ಅದೇ ಸೆಂಟರ್ ಆಫ್ ಗ್ರಾವಿಟಿ.

ಲೆಕ್ಕ ತಪ್ಪಿದ್ರೆ ಏನಾಗತ್ತೆ ಅನ್ನೋದಕ್ಕೆ 1983ರ ಏರ್ ಕೆನಡಾ 143 ನೋಡಿ. ಹೊಸ ಬೋಯಿಂಗ್ 767. ಇಂಧನದ ಮೀಟರ್ ಕೆಲಸ ಮಾಡ್ತಿರಲಿಲ್ಲ ಅಂತ ಕೈಲೇ ಲೆಕ್ಕ ಹಾಕಿದ್ರು. ಲೀಟರನ್ನು ಕಿಲೋಗ್ರಾಂ ಮಾಡಲು 0.8ರಿಂದ ಗುಣಿಸುವ ಬದಲು ಪೌಂಡಿನ 1.77 ಹಿಡಿದ್ರು. ಬೇಕಿದ್ದ ಇಂಧನದಲ್ಲಿ ಅರ್ಧಕ್ಕಿಂತ ಕಡಿಮೆ ತುಂಬಿಕೊಂಡು ಹೋಗಿ, ಆಕಾಶದಲ್ಲಿ ಹಾರುತ್ತಿದ್ದಾಗಲೇ ಇಂಧನ ಮುಗಿದು ಎರಡೂ ಎಂಜಿನ್ ನಿಂತವು. ಗ್ಲೈಡರ್ ಥರ ತೇಲಿಸಿ ಗಿಮ್ಲಿ ಎಂಬಲ್ಲಿನ ಹಳೇ ವಾಯುಪಡೆ ರನ್‌ವೇ ಮೇಲೆ ಇಳಿಸಿದ್ರು, ಯಾರೂ ಸಾಯಲಿಲ್ಲ. ಪೈಲಟ್‌ಗಳ ಹೆಸರು ಎಲ್ಲ ಕಡೆ ಬಂತು. ಆದರೆ ಕಥೆ ಶುರುವಾಗಿದ್ದು ನೆಲದ ಮೇಲೆ, ಒಂದು ಗುಣಾಕಾರದಲ್ಲಿ. ಯೂನಿಟ್ ಬರೆಯದಿದ್ರೆ ಮಾರ್ಕ್ಸ್ ಕತ್ತರಿಸುವ ನಮ್ಮ ಫಿಸಿಕ್ಸ್ ಮೇಡಂ ನೆನಪಾದ್ರು.

ಸಿಎಸ್‌ನವರು ಬೇಜಾರಾಗಬೇಡಿ. ಏರ್ ಟ್ರಾಫಿಕ್ ಕಂಟ್ರೋಲ್ ಏರ್‌ಲೈನ್ ಕೆಲಸ ಅಲ್ಲ, ಸರ್ಕಾರದ ಏರ್‌ಪೋರ್ಟ್ಸ್ ಅಥಾರಿಟಿಯದ್ದು. ಯಾವ ಬ್ರಾಂಚ್ ಆದರೂ ನಡೆಯತ್ತೆ, ಯಾವುದಾದರೂ ಒಂದು ಸೆಮ್‌ನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು ಅಷ್ಟೇ.

ನಮ್ಮ ಗೆಳೆಯ ಈಗ ಬಿ1 ಪರೀಕ್ಷೆಯ ಸಿಲಬಸ್ ಪ್ರಿಂಟ್ ತೆಗೆಸಿ ಮಂಚದ ಪಕ್ಕ ಅಂಟಿಸಿದ್ದಾನೆ. ತೋಟ ಮಾರೋದು ಬೇಡಪ್ಪ ಅಂತ ಮನೆಗೆ ಫೋನ್ ಮಾಡಿ ಎಲ್ಲ ವಿವರಿಸಿದ. ಅವರಪ್ಪ ಪೂರ್ತಿ ಕೇಳಿಸಿಕೊಂಡು ಕೊನೆಗೆ ಅಂದ್ರಂತೆ: "ಎಲ್ಲ ಸರಿ, ಆದ್ರೆ ನಿನ್ನನ್ನ ವಿಮಾನದಲ್ಲಿ ಕೂರಿಸ್ತಾರೋ ಇಲ್ವೋ?"