ಎಡಗೈಗೊಂದು ಹಿಡಿ

ಮೊದಲು ಪೇಂಟ್ ಹೊಡೆದದ್ದು ನಾವೇ. ಅದನ್ನ ಒಪ್ಪಿಕೊಂಡೇ ಶುರು ಮಾಡ್ತೀವಿ.

ನಾವು ಅಂದ್ರೆ ಮೂರು ಜನ. ಇಬ್ಬರು ಶಿಕಾರಿಪುರದವರು, ಒಬ್ಬಳು ಸೊರಬದವಳು. ಶೂಟಿಂಗ್ ಕ್ಲಬ್ಬಿಗೆ ಸೇರಿದ ದಿನದಿಂದ "ಊರ ಹೆಸರಲ್ಲೇ ಶಿಕಾರಿ ಇದೆ, ಇನ್ನೇನು ಬಿಡ್ರೋ" ಅಂತ ಸೀನಿಯರ್‌ಗಳು ರೇಗಿಸ್ತಾ ಇದ್ರು. ಕ್ಲಬ್ ಅಂತ ಹೆಸರೇ ದೊಡ್ಡದು. ವರ್ಕ್‌ಶಾಪ್ ಹಿಂದಿನ ಉದ್ದನೆ ಶೆಡ್ಡು, 10 ಮೀಟರ್ ಆಚೆ ಮೂರು ಟಾರ್ಗೆಟ್ಟು, ಸೀನಿಯರ್‌ಗಳು ದುಡ್ಡು ಹಾಕಿ ತಂದ ಒಂದೇ ಒಂದು ಸೆಕೆಂಡ್ ಹ್ಯಾಂಡ್ ಏರ್ ಪಿಸ್ತೂಲು. ಎಲ್ಲರೂ ಸರದಿ ಮೇಲೆ ಹೊಡೀಬೇಕು.

ಪಿಸ್ತೂಲು ಅಂದ ಕೂಡಲೇ ಮನೇಲಿ ಗಾಬರಿಯಾಗ್ತಾರೆ. ನಮ್ಮ ಕಡೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೋವಿ ಇಟ್ಟುಕೊಂಡಿರೋ ಮನೆಗಳಿವೆ, ಎಲೆಕ್ಷನ್ ಬಂದರೆ ಅದನ್ನ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಇದು ಹಾಗಲ್ಲ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ ಬೋರು, 20 ಜೂಲ್ ಮೀರದ ಶಕ್ತಿ ಇರೋ ಗಾಳಿ ಪಿಸ್ತೂಲಿಗೆ ಲೈಸೆನ್ಸ್ ಬೇಡ. ನಮ್ಮದು ಅರ್ಧ ಗ್ರಾಂ ಸೀಸದ ಪೆಲೆಟ್ಟನ್ನ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ತಳ್ಳುತ್ತೆ. ಅರ್ಧ ಎಂ ವಿ ಸ್ಕ್ವೇರ್ ಹಾಕಿ ನೋಡಿ, 6 ಜೂಲೂ ಆಗಲ್ಲ. ಹಾಗಂತ ಆಟಿಕೆ ಅಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ.

ಇನ್ನು ಪೇಂಟಿನ ಕಥೆ. ಪಿಸ್ತೂಲಿನ ಮೈ ಅಲ್ಲಲ್ಲಿ ಕೆರೆದು ಬೆಳ್ಳಗಾಗಿತ್ತು. ಅಂತರ ಕಾಲೇಜು ಸ್ಪರ್ಧೆಗೆ ಇದನ್ನ ಹಿಡ್ಕೊಂಡು ಹೋದರೆ ಮರ್ಯಾದೆ ಏನಾಗಬೇಕು ಅಂತ, ಶಿಕಾರಿಪುರಕ್ಕೆ ಹೋದಾಗ ಬೈಕಿಗೆ ಹೊಡೆಯೋ ಮ್ಯಾಟ್ ಬ್ಲ್ಯಾಕ್ ಡಬ್ಬಿ ತಂದು ನಾವಿಬ್ಬರೂ ಹಿತ್ತಲಲ್ಲಿ ಸ್ಪ್ರೇ ಮಾಡಿದ್ವಿ. ಪ್ರೈಮರ್ ಇಲ್ಲ, ಮರಳು ಕಾಗದದಲ್ಲಿ ತಿಕ್ಕಿರಲಿಲ್ಲ. ಆನೊಡೈಸ್ ಆದ ಅಲ್ಯುಮಿನಿಯಂ ಮೇಲೆ ಬರೀ ಪೇಂಟ್ ಎಷ್ಟು ದಿನ ನಿಲ್ಲುತ್ತೆ? ಹದಿನೈದು ದಿನಕ್ಕೆ ಬೆವರು ತಾಗಿ ಈರುಳ್ಳಿ ಸಿಪ್ಪೆ ಥರ ಎದ್ದು ಬಂತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಹಿಂದಿನ ಸೈಟಿನ ಕಿಂಡಿಯೊಳಗೆ ಪೇಂಟ್ ಗಟ್ಟಿಯಾಗಿ ಕೂತು, ಒಂದು ಪಕ್ಕ ಕಿರಿದಾಗಿಬಿಟ್ಟಿತ್ತು. ಎಲ್ಲರ ಗುಂಡೂ ಒಂದೇ ಕಡೆ ಜಾರೋಕೆ ಶುರುವಾದಾಗಲೇ ನಮಗೆ ಗೊತ್ತಾಗಿದ್ದು.

ಎಷ್ಟು ಜಾರುತ್ತೆ ಅಂತ ಲೆಕ್ಕ ಹಾಕಿದ್ವಿ. ಹಿಂದಿನ ಸೈಟಿಂದ ಮುಂದಿನ ಸೈಟಿಗೆ ಸುಮಾರು 320 ಮಿ.ಮೀ. ಅಲ್ಲಿ ಒಂದು ಮಿ.ಮೀ. ತಪ್ಪಿದರೆ 10 ಮೀಟರ್ ಆಚೆ 31 ಮಿ.ಮೀ. ತಪ್ಪುತ್ತೆ. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಒಂದು ಶರ್ಟ್ ಗುಂಡಿಯಷ್ಟು. ಅಂದ್ರೆ ಎರಡು ಸೈಟು ಒಂದಕ್ಕೊಂದು 0.2 ಮಿ.ಮೀ. ಓರೆಯಾದರೂ ನಡುವಿಗೆ ಇಟ್ಟ ಗುರಿ ಹತ್ತರ ಗೆರೆ ದಾಟುತ್ತೆ. ಅದೇ ಕೈ ನಡುಗಿ ಇಡೀ ಪಿಸ್ತೂಲು ಓರೆಯಾಗದೆ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡೂ ಒಂದೇ ಮಿ.ಮೀ. ಸರಿಯುತ್ತೆ. ನಡುಕಕ್ಕಿಂತ ಮಣಿಕಟ್ಟು ತಿರುಗೋದು ಮೂವತ್ತು ಪಟ್ಟು ದುಬಾರಿ. ಇದನ್ನ ಪೇಂಟ್ ಹೊಡೆಯೋ ಮುಂಚೆ ಯೋಚಿಸಬೇಕಿತ್ತು, ಇರಲಿ.

ಮಣಿಕಟ್ಟು ತಿರುಗಬಾರದು ಅಂದ್ರೆ ಹಿಡಿ ಕೈಗೆ ಕೂರಬೇಕು. ನಮ್ಮ ಪಿಸ್ತೂಲಿನ ಗ್ರಿಪ್ಪು ಯಾರದೋ ದಪ್ಪ ಬಲಗೈಗೆ ಕೆತ್ತಿದ ವಾಲ್‌ನಟ್ ಮರದ್ದು. ಹೊಸದು ತರಿಸೋಣ ಅಂದ್ರೆ ವಿದೇಶಿ ಬೆಲೆ. ಆಗ ಸೊರಬದವಳು "ನಮ್ಮೂರಲ್ಲಿ ಗುಡಿಗಾರರು ಇದ್ದಾರಲ್ಲೋ" ಅಂದಳು. ಶ್ರೀಗಂಧದಲ್ಲಿ ದೇವರನ್ನ ಕೆತ್ತೋರು, ಬೆಂಡಿನಲ್ಲಿ ಮದುವೆ ಬಾಸಿಂಗ ಮಾಡೋರು. ಪಿಸ್ತೂಲಿನ ಹಿಡಿ ಮಾಡ್ತಾರಾ? ಕೇಳಿ ನೋಡೋಣ ಅಂತ ಎಲ್ಲರ ಹತ್ರ ದುಡ್ಡು ಎತ್ತಿ, ದಸರಾ ರಜೇಲಿ ಹೊರಟ್ವಿ. ಗಾಳಿಯ ಸಿಲಿಂಡರ್ ಬಿಚ್ಚಿ ಬೇರೆ ಚೀಲಕ್ಕೆ, ಜತೆಗೆ ಬಿಲ್ಲು, ಕ್ಲಬ್ಬಿನ ಪತ್ರ. ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ ಸೊರಬ ಮುಟ್ಟೋವರೆಗೂ ಆ ಪೆಟ್ಟಿಗೆಯನ್ನ ತೊಡೆ ಮೇಲಿಂದ ಇಳಿಸಲಿಲ್ಲ.

ಗುಡಿಗಾರ ಅಜ್ಜನ ಜಗುಲಿ ತುಂಬ ಮರದ ಪುಡಿ. ಪಿಸ್ತೂಲನ್ನ ತಿರುಗಿಸಿ ಮುರುಗಿಸಿ ನೋಡಿದರು. ನಮ್ಮ ಪ್ಲಾನು ಹೇಳಿದ್ವಿ: ಎಲ್ಲರ ಕೈಗೂ ಆಗೋ ಹಾಗೆ, ಮಧ್ಯಮ ಸೈಜಿಂದು.

"ಎಲ್ಲರ ಕೈಗೂ ಆಗೋದು ಈಗಿರೋದೇ ಇದೆಯಲ್ಲ ತಮ್ಮಾ" ಅಂದ್ರು. "ಯಾರು ಚೆನ್ನಾಗಿ ಹೊಡೀತೀರಿ?"

ನಾವಿಬ್ಬರೂ ಅವಳ ಕಡೆ ನೋಡಿದ್ವಿ. ಅವಳು ಬಲಗೈ ಮುಂದೆ ಚಾಚಿದಳು. ಅಜ್ಜ ಅದನ್ನ ಹಿಡಿದು ನೋಡಿ, ಎಡಗೈಯನ್ನೂ ಕೇಳಿದರು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಗಂಟು ಕಟ್ಟಿದ್ದನ್ನ ಒತ್ತಿ, "ಕಲ್ಲು ಯಾವ ಕೈಲಿ ಹೊಡೀತೀ ತಂಗೀ?" ಅಂದ್ರು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ಎಡಗೈಲಿ. ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ಕೂತರೂ ಕೆಲಸವೆಲ್ಲ ಎಡಗೈದೇ. ಊಟ, ಬರೆಯೋದು ಮಾತ್ರ ಬಲಗೈಗೆ ಬಂದದ್ದು ಸಣ್ಣವಳಿದ್ದಾಗ ಮನೇಲಿ ತಿಂದ ಏಟಿಂದ. ಎರಡು ವರ್ಷ ಒಂದೇ ಶೆಡ್ಡಿನಲ್ಲಿ ಇದ್ದೂ ನಮಗೆ ಇದು ಗೊತ್ತಿರಲಿಲ್ಲ. ಅಲ್ಲೇ ಪರೀಕ್ಷೆ ಮಾಡಿದ್ವಿ. ಎರಡು ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ಅಡಿಕೆ ಮರದ ತುದಿ ನೋಡ್ಬೇಕು. ಒಂದೊಂದೇ ಕಣ್ಣು ಮುಚ್ಚಬೇಕು. ಎಡಗಣ್ಣು ಮುಚ್ಚಿದ ಕೂಡಲೇ ಅವಳಿಗೆ ಮರವೇ ಮಾಯ. ಗುರಿ ಹಿಡಿಯೋ ಕಣ್ಣು ಎಡದ್ದು, ಪಿಸ್ತೂಲು ಬಲಗೈಲಿ. ಇಷ್ಟು ದಿನ ಕತ್ತು ತಿರುಚಿಕೊಂಡು 600ಕ್ಕೆ 520ರ ಆಸುಪಾಸು ಹೊಡೀತಿದ್ದಳು.

ಜಗಳ ಶುರುವಾಗಿದ್ದು ಆಗ. ದುಡ್ಡು ಹನ್ನೊಂದು ಜನರದ್ದು. ಎಡಗೈ ಹಿಡಿ ಮಾಡಿಸಿದರೆ ಮಿಕ್ಕ ಹತ್ತು ಜನಕ್ಕೆ ಅದು ಬರೀ ಕಟ್ಟಿಗೆ. "ಕ್ಲಬ್ಬಿಗೆ ಏನಂತ ಹೇಳೋದು?" ಅಂತ ಕೇಳಿದ್ವಿ. ಅವಳೇ ಬೇಡ ಅಂದಳು. ನಿಜ ಹೇಳ್ಬೇಕಂದ್ರೆ, ಅವಳು ಬೇಡ ಅಂದಾಗ ನಮಗೆ ಸ್ವಲ್ಪ ನಿರಾಳವಾಯ್ತು. ಆ ನಿರಾಳ ಆದದ್ದಕ್ಕೇ ನಾಚಿಕೆಯಾಗಿ, ಆಚೆ ಬಂದು ಫೋನ್ ಮಾಡಿ ಒಬ್ಬೊಬ್ಬರನ್ನೇ ಕೇಳಿದ್ವಿ. ಏಳು ಜನ ಆಯ್ತು ಅಂದ್ರು, ಒಬ್ಬ ದುಡ್ಡು ವಾಪಸ್ ಕೇಳಿದ. ಅವನ ಪಾಲನ್ನ ನಾವಿಬ್ಬರು ಹಾಕಿದ್ವಿ.

ಮರ ಯಾವುದು ಅಂತ ಚರ್ಚೆಯಾಯ್ತು. "ಗಂಧ ಬೇಡ, ಅದಕ್ಕೆ ಚೂರು ಚೂರಿಗೂ ಲೆಕ್ಕ ಇಡಬೇಕು" ಅಂತ ನಕ್ಕು, ಹಳೇ ಮಂಚದ ಮುರಿದ ಬೀಟೆ ಕಾಲು ತೆಗೆದರು. ಬೀಟೆ ವಾಲ್‌ನಟ್‌ಗಿಂತ ಭಾರ. ಆದರೆ ನಿಯಮದ ಮಿತಿ 1500 ಗ್ರಾಂ, ನಮ್ಮ ಪಿಸ್ತೂಲು ಕಿಲೋ ಒಳಗಿತ್ತು, ಚಿಂತೆ ಇಲ್ಲ. ಹಿಡಿ ಮಣಿಕಟ್ಟಿಗೆ ಆಸರೆ ಕೊಡಬಾರದು, ಅದೊಂದನ್ನ ಸ್ಕೆಚ್ ಹಾಕಿ ತೋರಿಸಿದ್ವಿ.

ಆಮೇಲೆ ನೋಡಿದ್ದನ್ನ ನಾವು ಮರೆಯಲ್ಲ. ವರ್ನಿಯರ್ ತಂದಿದ್ವಿ, ಅವರು ಮುಟ್ಟಲಿಲ್ಲ. ಉಳಿಯಲ್ಲಿ ಒರಟಾಗಿ ಆಕಾರ ತಂದು, ಅವಳ ಅಂಗೈಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ "ಹಿಡಿ" ಅಂದ್ರು. ಬಿಟ್ಟಾಗ ಮರದ ಮೇಲೆ ಎಲ್ಲಿ ಕೆಂಪಾಗಿದೆಯೋ ಅಲ್ಲಿ ಮಾತ್ರ ಅರ ಹಾಕೋದು. ಮತ್ತೆ ಹಿಡಿ, ಮತ್ತೆ ಅರ. ಇದನ್ನೇ ಅಲ್ವಾ ವರ್ಕ್‌ಶಾಪಲ್ಲಿ ಪ್ರಷಿಯನ್ ಬ್ಲೂ ಹಚ್ಚಿ ಸರ್ಫೇಸ್ ಪ್ಲೇಟ್ ಮೇಲೆ ತಿಕ್ಕಿ ಮಾಡಿದ್ದು? ಅಲ್ಲಿ ರೆಕಾರ್ಡ್ ಬುಕ್ಕಿಗೆ ಮಾಡಿದ್ವಿ, ಅಷ್ಟೇ. ಎರಡು ದಿನ, ನಲವತ್ತು ಸಲಕ್ಕೂ ಹೆಚ್ಚು ಹಿಡಿದು ಬಿಟ್ಟು, ಕೊನೆಗೆ ಕೆಂಪು ಇಡೀ ಹಿಡಿಗೆ ಸಮನಾಗಿ ಹತ್ತಿತು. ಟ್ರಿಗರ್ ಬೆರಳು ಮಾತ್ರ ಎಲ್ಲೂ ಮರಕ್ಕೆ ತಾಗದ ಹಾಗೆ ಬಿಡಿಸಿದ್ರು.

ಪಾಲಿಶ್ ಬೇಡ ಅಂದದ್ದು ಅವರಿಗೆ ಇಷ್ಟವಾಗಲಿಲ್ಲ. ಕೆತ್ತಿದ್ದನ್ನ ಒರಟಾಗಿ ಬಿಟ್ಟರೆ ಅರ್ಧಕ್ಕೆ ಬಿಟ್ಟಂಗೆ ಅಂತೆ. ಬೆವರಿದ ಕೈ ಜಾರುತ್ತೆ ಅಂತ ಒಪ್ಪಿಸಿದ ಮೇಲೆ, ಮೊಳೆಯಂಥ ಉಳಿಯಿಂದ ಮೈಯೆಲ್ಲ ಚುಕ್ಕಿ ಕುಟ್ಟಿದ್ರು. ಅಡಿಭಾಗದಲ್ಲಿ ಮಾತ್ರ, ನಾವು ಕೇಳದೇ, ಒಂದು ಸಣ್ಣ ಬಳ್ಳಿ ಕೆತ್ತಿ ನುಣುಪು ಮಾಡಿ ಕೊಟ್ಟರು.

ಮುಂದಿನ ಸೈಟಿನ ಹೊಳಪು ತೆಗೆದದ್ದು ಅಜ್ಜನ ಮನೆ ಅಮ್ಮ. ನಮ್ಮ ಪೇಂಟನ್ನ ತಿನ್ನರ್ ಹಾಕಿ ಒರೆಸುವಾಗ ಸೈಟಿನ ತುದಿ ಬೆಳ್ಳಗೆ ಮಿಂಚ್ತಿತ್ತು. ಅದು ಮಿಂಚಿದರೆ ಬೆಳಕು ಬಂದ ಕಡೆ ಕಣ್ಣು ವಾಲುತ್ತೆ. "ಕಾಡಿಗೆ ಬೇಕಾ?" ಅಂತ ಕರ್ಪೂರ ಹಚ್ಚಿ, ಬಿಚ್ಚಿದ ಸೈಟನ್ನ ಇಕ್ಕಳದಲ್ಲಿ ಹಿಡಿದು ಹೊಗೆ ಮೇಲೆ ಆಡಿಸಿದ್ರು. ಮಖಮಲ್ಲಿನಂಥ ಕಪ್ಪು, ಒಂಚೂರೂ ಹೊಳಪಿಲ್ಲ. ಬೆರಳು ತಾಗಿದರೆ ಹೋಗುತ್ತೆ, ಇನ್ನೊಂದು ಬಿಲ್ಲೆ ಹಚ್ಚಿದರಾಯ್ತು. ಹಳೇ ಕಾಲದ ಶೂಟರ್‌ಗಳು ಕಾರ್ಬೈಡ್ ದೀಪದ ಮಸಿಯಲ್ಲಿ ಇದನ್ನೇ ಮಾಡ್ತಿದ್ರು.

ಎಡಗೈಗೆ ಬದಲಾದ ಮೊದಲ ವಾರ ಅವಳ ಸ್ಕೋರು 490ಕ್ಕಿಂತ ಕೆಳಗೆ ಬಿತ್ತು. ದುಡ್ಡು ವಾಪಸ್ ತಗೊಂಡವನು ಏನೂ ಅನ್ನಲಿಲ್ಲ, ನಕ್ಕ ಅಷ್ಟೇ. ತಿಂಗಳ ಹೊತ್ತಿಗೆ 520 ಮುಟ್ಟಿದಳು, ಸ್ಪರ್ಧೆಯಲ್ಲಿ 541. ಐದನೇ ಸ್ಥಾನ. ಪದಕ ಇಲ್ಲ. 60 ಗುಂಡು, 75 ನಿಮಿಷ, ಹೊರಗೆ ಬಂದಾಗ ಅಂಗೈಲಿ ಚುಕ್ಕಿ ಚುಕ್ಕಿ ಗುರುತು. ಅದರ ಫೋಟೋ ತೆಗೆದು ಅಜ್ಜನ ಮನೆಗೆ ಕಳಿಸಿದಳು.

ಅವಳು ಜೂನ್‌ನಲ್ಲಿ ಕಾಲೇಜು ಮುಗಿಸ್ತಾಳೆ. ಹಿಡಿ ತಗೊಂಡು ಹೋಗು ಅಂದ್ವಿ, ಪಿಸ್ತೂಲಿಲ್ಲದೆ ಬರೀ ಹಿಡಿ ಇಟ್ಕೊಂಡು ಏನ್ಮಾಡ್ಲಿ ಅಂತಾಳೆ. ಒಂದು ಆಲನ್ ಕೀ ಇದ್ದರೆ ಎರಡು ನಿಮಿಷದಲ್ಲಿ ಗ್ರಿಪ್ ಬದಲಾಗುತ್ತೆ. ಫಸ್ಟ್ ಇಯರ್‌ನಲ್ಲಿ ಬಲಗೈಲಿ ಬರೆದು ಎಡಗೈಲಿ ಮಾವಿನಕಾಯಿಗೆ ಕಲ್ಲು ಬೀಸೋರು ಯಾರಾದರೂ ಇದ್ದರೆ, ಶನಿವಾರ ನಾಲ್ಕು ಗಂಟೆಗೆ ಶೆಡ್ಡಿನ ಹತ್ರ ಬನ್ನಿ. ನಿಮ್ಮ ಕೈ ದಪ್ಪ ಇದ್ದರೆ ಅರ ಹಾಕೋಕೆ ಇನ್ನೂ ಜಾಗ ಇದೆ, ಸಣ್ಣ ಇದ್ದರೆ ಸೊರಬದ ಬಸ್ಸು ಹತ್ತಬೇಕಾಗುತ್ತೆ.